ಕಾಟ ಕೇಳಿಸಿಕೊಂಡ ಇಂಗ್ಲಿಷು

ಕಿವಿ ಇದ್ದೋರು ಕೇಳಿ, ಇಲ್ದೋರು ಪಕ್ಕದೋರ ಕಿವಿ ಇಸ್ಕೊಂಡು ಕೇಳಿ. ಬೂದಿಗುಡ್ಡ ಅಂತ ಒಂದೂರು. ಆ ಊರಲ್ಲಿ ಬೊಮ್ಮಕ್ಕ ಅಂತ ಒಬ್ಬಳು. ಅವಳಿಗೆ ಕಾಟ ಅಂತ ಒಬ್ಬನೇ ಮಗ. ಮೈ ನೋಡಿದರೆ ಆನೆಮರಿ, ಮನಸ್ಸು ನೋಡಿದರೆ ಹಾಲು, ಬುದ್ಧಿ ನೋಡೋಣ ಅಂದರೆ ಅದನ್ನ ಹುಡುಕಿ ಹುಡುಕಿಯೇ ಬೊಮ್ಮಕ್ಕನ ತಲೆ ನರೆತಿತ್ತು.

"ದನ ಹೊಡ್ಕೊಂಡು ಬಾರೋ" ಅಂದರೆ ದನಕ್ಕೆ ಎರಡೇಟು ಹೊಡೆದು, ದನವನ್ನ ಅಲ್ಲೇ ಬಿಟ್ಟು, ತಾನೊಬ್ಬನೇ ಬಂದ. "ಬಾಗಿಲು ನೋಡ್ಕೊಳೋ" ಅಂದರೆ ಸಂಜೆ ತನಕ ಕಣ್ಣು ಮಿಟುಕಿಸದೆ ಬಾಗಿಲನ್ನೇ ನೋಡ್ತಾ ಕೂತ. ಹಿತ್ತಲಿಂದ ನಾಯಿ ಬಂದು ಮುದ್ದೆ ತಿಂದು ಹೋಯ್ತು.

"ಅಯ್ಯೋ ನನ್ನಪ್ಪಾ! ನಾನು ಕಣ್ಮುಚ್ಚಿದ ಮೇಲೆ ನಿನಗ್ಯಾರೋ ಗತಿ?" ಅಂತ ಬೊಮ್ಮಕ್ಕ ಹಣೆ ಚಚ್ಚಿಕೊಂಡಳು.

"ನೀ ಯಾಕವ್ವ ಕಣ್ಮುಚ್ತೀಯ? ನಿದ್ದೆ ಬಂತಾ?" ಅಂದ ಕಾಟ.

ಬೊಮ್ಮಕ್ಕ ಊರಾಚೆಯ ಪ್ರವಾಸಿ ಬಂಗಲೆಯಲ್ಲಿ ಅಡಿಗೆ ಮಾಡ್ತಿದ್ದಳು. ಬಂಗಲೆ ನೋಡಿಕೊಳ್ಳೋ ಮೇಸ್ತ್ರಿ ಹಾಲಪ್ಪ. ಮೀಸೆ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು. ಆ ವರ್ಷ ಗುಡ್ಡದ ಬೂದಿಮಣ್ಣು ಅಗೆದು ಹಳೇಕಾಲದ ಮಡಕೆಚೂರು ಹುಡುಕೋಕೆ ಅಂತ ಮೂರು ಜನ ಬಂದಿಳಿದರು. ಇಂಗ್ಲೆಂಡಿಂದ ಹೆಲೆನ್ ಮೇಡಮ್ಮು. ಆಸ್ಟ್ರೇಲಿಯಾದಿಂದ ನೀಲ್ ಸಾಹೇಬ್ರು. ಕೇರಳದಿಂದ ಫೋಟೋ ತೆಗೆಯೋ ವರ್ಕಿ ಸಾರು. ಬೊಮ್ಮಕ್ಕ ಕಾಲಿಗೆ ಬಿದ್ದು ಬೇಡಿದ್ದಕ್ಕೆ ಹಾಲಪ್ಪ ಕಾಟನನ್ನೂ ಮೇಲ್ಗೆಲಸಕ್ಕೆ ಸೇರಿಸಿಕೊಂಡ.

"ಇವರೆಲ್ಲ ಮಾತಾಡೋದು ಇಂಗ್ಲಿಷು ಕಣ್ಲಾ! ಕಿವಿ ತೆಕ್ಕೊಂಡಿರು! ಹೇಳಿದ್ದನ್ನ ಹೇಳಿದ ಹಂಗೇ ಮಾಡು!"

"ಹೂಂ ಕಣಣ್ಣ, ಹೇಳಿದ ಹಂಗೇ!"

ಇಂಗ್ಲಿಷು ಒಂದೇ ಅಂತಾರೆ. ಆದರೆ ಮೂರು ಬಾಯಲ್ಲಿ ಮೂರು ಥರ. ಹಾಲಪ್ಪನದೂ ಸೇರಿಸಿದರೆ ನಾಲ್ಕು.

ಮೊದಲನೇ ದಿನ ಹೆಲೆನ್ ಮೇಡಮ್ಮು ಗುಡ್ಡದಿಂದ ಇಳಿದು ಬಂದರು. ತಲೆಯಿಂದ ಕಾಲಿನ ತನಕ ಬೂದಿ. ಹೆಗಲ ಮೇಲೆ ಟವೆಲ್ಲು. "ಕಾಟಾ, ಬಾತ್ ಪ್ಲೀಸ್!" ಅಂದರು.

ಕಾಟ ಒಂದೇ ಓಟ. "ಅವ್ವಾ, ಅವ್ವಾ! ಮೇಡಮ್ಮು ಬಾತ್ ಕೇಳ್ತಾವ್ರೆ!"

"ಪಾಪ, ಹಸಿದವ್ರೆ!" ಅಂತ ಬೊಮ್ಮಕ್ಕ ಎಳೇ ಬದನೆಕಾಯಿ ಹೆಚ್ಚಿ, ಮಸಾಲೆ ಹುರಿದು, ಘಮಘಮ ವಾಂಗಿಬಾತ್ ಮಾಡಿಕೊಟ್ಟಳು. ಕಾಟ ತಟ್ಟೆ ಹಿಡಕೊಂಡು ಸೀದಾ ಬಚ್ಚಲುಮನೆ ಬಾಗಿಲಿಗೆ ಹೋದ. ನೀರಿಗೆ ಕಾಯ್ತಾ ನಿಂತಿದ್ದ ಮೇಡಮ್ಮು ತಟ್ಟೆ ನೋಡಿದರು, ಕಾಟನ ಮುಖ ನೋಡಿದರು. ನಿಂತಲ್ಲೇ, ಬೂದಿಗೈಲೇ, ಬಳಿದು ತಿಂದರು.

ಹಾಲಪ್ಪ ಮಾತ್ರ ಕುಣಿದಾಡಿಬಿಟ್ಟ. "ಬಾತ್ ಅಂದ್ರೆ ಸ್ನಾನ ಕಣ್ಲಾ ಪೆದ್ದೇ! ಇನ್ಮೇಲೆ ಯಾರೇ ಬಾತ್ ಅಂದ್ರೂ ನೀರು ಕಾಯಿಸು, ಬಕೀಟು ತುಂಬು, ಬಚ್ಚಲಿಗಿಡು! ತಿಳೀತಾ?"

"ತಿಳೀತಣ್ಣ! ಬಾತ್ ಅಂದ್ರೆ ಬಕೀಟು!"

ಮಾರನೇ ಬೆಳಿಗ್ಗೆ ವರ್ಕಿ ಸಾರು ಮೇಜಿನ ಮುಂದೆ ಕೂತು, ಹೊಟ್ಟೆ ತಟ್ಟಿಕೊಂಡು, "ಕಾಟಾ, ವನ್ ಖಾರಾಬಾತ್!" ಅಂದರು.

ಕಾಟನಿಗೆ ಖುಷಿಯೋ ಖುಷಿ. ಬಾತ್ ಅಂದರೆ ಸ್ನಾನ, ಅದು ಗೊತ್ತು. ಖಾರ ಅಂದರೆ ಖಾರ, ಅದು ಹುಟ್ಟಿದಾಗಿಂದ ಗೊತ್ತು. ನೀರು ಕಾಯಿಸಿದ, ಬಕೀಟು ತುಂಬಿದ, ಅವ್ವನ ಡಬ್ಬಿಯಿಂದ ಬ್ಯಾಡಗಿ ಮೆಣಸಿನಪುಡಿ ಬೊಗಸೆ ತುಂಬ ಸುರಿದು ಚೆನ್ನಾಗಿ ಕದಡಿದ. "ಸಾರ್, ರೆಡಿ!" ಅಂತ ಬಚ್ಚಲು ತೋರಿಸಿದ.

ವರ್ಕಿ ಸಾರಿಗೆ ಒಂದೂ ಅರ್ಥ ಆಗಲಿಲ್ಲ. ಈ ಊರಲ್ಲಿ ಮೊದಲು ಸ್ನಾನ, ಆಮೇಲೆ ತಿಂಡಿ ಇರಬೇಕು ಅಂದುಕೊಂಡು ಒಳಗೆ ಹೋದರು. ಒಂದು ಚೊಂಬು ಮೈ ಮೇಲೆ ಬಿತ್ತು.

"ಅಯ್ಯೋ! ಅಮ್ಮೇ! ಅಯ್ಯಯ್ಯೋ!"

ಟವೆಲ್ಲು ಸುತ್ತಿಕೊಂಡು ಹೊರಗೆ ಹಾರಿದವರು ಅಂಗಳ ದಾಟಿ, ಬೇಲಿ ಹಾರಿ, ದನ ನೀರು ಕುಡಿಯೋ ತೊಟ್ಟಿಯೊಳಗೆ ಹೋಗಿ ಕೂತರು. ಬಂಗಲೆಯೆಲ್ಲ ಕೆಮ್ಮು, ಸೀನು.

"ಬುದ್ಧಿ ಐತೇನ್ಲಾ ನಿಂಗೆ!" ಅಂತ ಹಾಲಪ್ಪ ಸೀನ್ತಾ ಸೀನ್ತಾ ಬೈದ. ಬೊಮ್ಮಕ್ಕ ತೊಟ್ಟಿ ಹತ್ತಿರ ಹೋಗಿ, ಸಾರಿನ ಬೆನ್ನಿಗೆ ಮಜ್ಜಿಗೆ ಸುರಿದು, ಕಣ್ಣಲ್ಲಿ ನೀರು ತಂದುಕೊಂಡಳು. ಅದು ಮೆಣಸಿನಪುಡಿ ತಂದ ನೀರಲ್ಲ.

"ಅಪ್ಪಾ ಕಾಟ, ನಿನ್ನ ತಲೆ ಓಡಿಸ್ಬೇಡ ಕಣಪ್ಪ. ಅವರಂದಿದ್ದು ತಿಳೀದಿದ್ರೆ ಶೆಟ್ಟರ ಅಂಗಡಿಗೆ ಹೋಗಿ ಕೇಳು. ಅವರು ನಾಕೂರು ನೋಡಿದೋರು. ಅವರು ಹೇಳಿದಂಗೆ ಮಾಡು."

"ಹೂಂ ಕಣವ್ವ, ಶೆಟ್ಟರು ಹೇಳಿದಂಗೆ!"

ಮರುದಿನ ನೀಲ್ ಸಾಹೇಬ್ರು ಕೋಣೆಯಿಂದ ಹೊರಗೆ ಬಂದರು. ಮುಖ ಕೆಂಪು, ತಲೆ ಹತ್ತಿಯಂಗೆ ಬಿಳುಪು. ಕಾಟನ ಬೆನ್ನು ತಟ್ಟಿ, "ಗುಡ್ ಡೈ, ಕಾಟಾ!" ಅಂದರು.

ಕಾಟನಿಗೆ ತಿಳೀಲಿಲ್ಲ. ಓಡಿದ ಶೆಟ್ಟರ ಅಂಗಡಿಗೆ. "ಶೆಟ್ರೇ, ಬಿಳೀ ತಲೆ ಸಾಹೇಬ್ರು ಗುಡ್ ಡೈ ಅಂದ್ರು! ಏನದು?"

"ಅಷ್ಟೂ ತಿಳಿಯಾಕಿಲ್ವಾ? ಒಳ್ಳೇ ಡೈ ಬೇಕಂತೆ! ತಲೆಗೆ ಹಚ್ಚೋದು, ಒಣಗೋಕೆ ಬಿಡೋದು!" ಅಂತ ಶೆಟ್ಟರು ಕರೀ ಪುಡಿ ಪೊಟ್ಟಣ ಕೊಟ್ಟರು.

ಮಧ್ಯಾಹ್ನ ಸಾಹೇಬ್ರು ಉಂಡು, ಬೇವಿನಮರದ ಕೆಳಗೆ ಆರಾಮಕುರ್ಚಿಯಲ್ಲಿ ಗೊರಕೆ ಹೊಡೀತಿದ್ದರು. ಕಾಟ ಪುಡಿ ಕಲಸಿದ. ಎಬ್ಬಿಸೋದು ಪಾಪ ಅಂತ ಮೆತ್ತಗೆ, ಮಗುವಿಗೆ ಎಣ್ಣೆ ಹಚ್ಚಿದ ಹಂಗೆ, ತಲೆಗೆಲ್ಲ ಹಚ್ಚಿದ. ಮಿಕ್ಕಿದ್ದನ್ನ ವ್ಯರ್ಥ ಯಾಕೆ ಅಂತ ಮೀಸೆಗೂ ಹಚ್ಚಿದ.

ಸಾಹೇಬ್ರು ಎದ್ದರು. ಮೇಡಮ್ಮು ಕನ್ನಡಿ ಹಿಡಿದರು. ಅಡಿಗೆಮನೆ ಬಾಗಿಲ ಸಂದಿಯಲ್ಲಿ ನಿಂತ ಬೊಮ್ಮಕ್ಕ, ಹೊಡೀತಾರೆ, ಇವತ್ತು ಹೊಡೆದೇ ಹೊಡೀತಾರೆ ಅಂತ ಸೆರಗು ಕಚ್ಚಿಕೊಂಡಳು.

ಸಾಹೇಬ್ರು ಕನ್ನಡಿ ನೋಡಿದರು, ಇನ್ನೊಂದು ಸಲ ನೋಡಿದರು. ಆಮೇಲೆ ನಗೋಕೆ ಶುರು ಮಾಡಿದರು ನೋಡಿ! ನಕ್ಕೂ ನಕ್ಕೂ ಕುರ್ಚಿಯಿಂದ ಕೆಳಗೆ ಬಿದ್ದರು. ಕಾಟನನ್ನೂ ಎಳಕೊಂಡರು. ಅವನೂ ನಕ್ಕ. ಮಜ್ಜಿಗೆ ಹಚ್ಚಿಕೊಂಡಿದ್ದ ವರ್ಕಿ ಸಾರೂ ನಕ್ಕರು.

ಕಾಟನನ್ನ ನೋಡಿ ನಗೋರು ಊರ ತುಂಬ ಇದ್ದರು. ಕಾಟನ ಜೊತೆ ಕೂತು ನಗೋರನ್ನ ಬೊಮ್ಮಕ್ಕ ಅವತ್ತೇ ನೋಡಿದ್ದು. "ದೇವರೇ, ಇವರ ಹೊಟ್ಟೆ ತಣ್ಣಗಿರಲಿ" ಅಂದಳು, ಬಾಗಿಲ ಹಿಂದೆಯೇ.

ವರ್ಕಿ ಸಾರು ಕಾಟನನ್ನ ಕೂರಿಸಿಕೊಂಡು, ತಮಗೆ ಬಂದಷ್ಟು ಕನ್ನಡದಲ್ಲಿ ಹೇಳಿದರು. "ಕಾಟಾ, ನೀಲ್ ಸಾರ್ ಊರಲ್ಲಿ 'ಡೇ' ಅನ್ನೋದು 'ಡೈ' ಥರ ಕೇಳತ್ತೆ. ಕೇಕ್ ಅನ್ನೋದು ಕೈಕ್. ಅವರು 'ಐ' ಅಂದ್ರೆ ನೀನು 'ಏ' ಅಂತ ತಿಳ್ಕೋ. ಸರಿ ಹೋಗತ್ತೆ."

"ಐ ಅಂದ್ರೆ ಏ! ಐ ಅಂದ್ರೆ ಏ!" ಅಂತ ಕಾಟ ಬಾಯಿಪಾಠ ಮಾಡಿಕೊಂಡ.

ಹಾಲಪ್ಪ ಮಾತ್ರ ನಗಲಿಲ್ಲ. ಸಂಜೆ ಅಡಿಗೆಮನೆಗೆ ಬಂದು ಬಜ್ಜಿ ಬಾಯಿಗೆ ಹಾಕಿಕೊಂಡೇ ಗದರಿದ. ಅವನ ಇಂಗ್ಲಿಷಲ್ಲಿ ಬ್ಯಾಗು ಅನ್ನೋದು ಬೇಗು, ಸ್ನ್ಯಾಕ್ಸು ಅನ್ನೋದು ಸ್ನೇಕ್ಸು. "ನೋಡವ್ವ ಬೊಮ್ಮಕ್ಕ, ನಾಳೆಯಿಂದ ಗುಡ್ಡದ ಮೇಲೇ ಒಲೆ ಹೂಡಿ ಸ್ನೇಕ್ಸು ಮಾಡು, ಬಜ್ಜಿನೋ ಬೋಂಡಾನೋ. ಲೋ ಕಾಟ, ಅವರು ಸ್ನೇಕ್ಸ್ ಅಂದ ತಕ್ಷಣ ಬಿಸಿಬಿಸಿ ತಗೊಂಡೋಗಿ ಕೊಡು. ಇನ್ನೊಂದು ಎಡವಟ್ಟಾಯ್ತೋ, ತಾಯಿ ಮಗ ಇಬ್ರೂ ಗಂಟು ಕಟ್ಟಿ!"

ಬೊಮ್ಮಕ್ಕನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ಗುಡ್ಡದ ಮೇಲೆ ಆಳೆತ್ತರದ ಗುಂಡಿ. ಗುಂಡಿಯ ತಳದಲ್ಲಿ ನೀಲ್ ಸಾಹೇಬ್ರು ಒಬ್ಬರೇ ಮಂಡಿಯೂರಿ ಮಣ್ಣು ಕೆರೀತಿದ್ದರು. ಏಣಿ ಮೇಲೆ ಕಾಟ ನಿಂತಿದ್ದ. ಅಷ್ಟರಲ್ಲಿ ಬೂದಿಗೋಡೆಯ ಬಿರುಕಿಂದ ಒಂದು ನಾಗರಹಾವು ಜಾರಿ ಬಂದು, ಸಾಹೇಬ್ರಿಗೂ ಏಣಿಗೂ ನಡುವೆ ಹೆಡೆ ಎತ್ತಿ ನಿಂತಿತು. ಕಾಟ ಸಾಹೇಬ್ರ ಬಾಯನ್ನೇ ನೋಡ್ತಿದ್ದ, ಹಾವು ಅವನ ಕಣ್ಣಿಗೆ ಬೀಳಲಿಲ್ಲ.

"ಕಾಟಾ..." ಅಂದರು ಸಾಹೇಬ್ರು, ತುಟಿ ಅಲ್ಲಾಡಿಸದೆ. "ಸ್ನೈಕ್! ಸ್ನೈಕ್!"

ಕಾಟ ಯೋಚನೆ ಮಾಡಿದ. ಸಾಹೇಬ್ರು 'ಐ' ಅಂದರೆ ನಾನು 'ಏ' ಅಂತ ತಿಳ್ಕೋಬೇಕು. ಸ್ನೈಕ್ ಅಂದರೆ... ಸ್ನೇಕ್! ತಿಳೀತು! ಯಾರನ್ನೂ ಕೇಳದೆ ತಿಳೀತು!

"ಈಗ ತಂದೆ ಸಾಹೇಬ್ರೇ!" ಅಂತ ಬಾಣದಂಗೆ ಓಡಿದ. "ಅವ್ವಾ! ಸಾಹೇಬ್ರು ಸ್ನೇಕ್ಸ್ ಕೇಳ್ತಾವ್ರೆ! ಬೇಗ!"

ಬೊಮ್ಮಕ್ಕನ ಮುಖ ಅರಳಿತು. "ಹೌದೇನಪ್ಪಾ? ಸರಿಯಾಗಿ ತಿಳ್ಕೊಂಡೆಯಾ?" ಅಂತ ಕೊತಕೊತ ಎಣ್ಣೆಯಿಂದ ಮೆಣಸಿನಕಾಯಿ ಬಜ್ಜಿ ಎತ್ತೆತ್ತಿ ದೊಡ್ಡ ಸ್ಟೀಲು ತಟ್ಟೆಗೆ ಹಾಕಿದಳು. ಎಣ್ಣೆ ಇನ್ನೂ ಚುರುಗುಡ್ತಿತ್ತು. ಮಗ ಗೆದ್ದಿದ್ದನ್ನ ಕಣ್ಣಾರೆ ನೋಡೋಣ ಅಂತ ತಾನೂ ಹಿಂದೇ ಹೋದಳು.

ಕಾಟ ತಟ್ಟೆ ಹಿಡಕೊಂಡೇ ಏಣಿ ಇಳಿದ. ಕೊನೇ ಮೆಟ್ಟಲಿಗೆ ಬಂದು ತಿರುಗಿ ನೋಡಿದ.

"ಸಾಹೇಬ್ರೇ, ಸ್ನೇಕ್ಸ್ ತಂದಿವ್ನಿ! ಆದ್ರೆ ಇಲ್ಲೊಂದು ಹಾವೈತೆ, ಜ್ವಾಪಾನ!"

ಆಮೇಲೆ ತಾನೇನಂದೆ ಅಂತ ತನಗೇ ಕೇಳಿಸಿತು. "ಅಯ್ಯಯ್ಯಪ್ಪೋ! ಹಾವೂ!"

ತಟ್ಟೆ ಕೈಬಿಟ್ಟಿತು. ಬಿಸಿ ಎಣ್ಣೆ, ಬಿಸಿ ಬಜ್ಜಿ, ಸ್ಟೀಲು ತಟ್ಟೆ, ಎಲ್ಲ ಒಟ್ಟಿಗೆ ಹಾವಿನ ಮೇಲೆ ಢಣಾರ್! ಹಾವು ಹೆಡೆ ಮಡಿಚಿ, ಬಂದ ಬಿರುಕಿಗೆ ಸರ್ರಂತ ನುಗ್ಗಿ ಮಾಯವಾಯ್ತು. ಕಾಟ ಹೆದರಿ ಮೇಲೆ ಹತ್ತೋಕೆ ಹೋದವನು ನಿಂತ. ಕೆಳಗೆ ಸಾಹೇಬ್ರು ನಡುಗ್ತಿದ್ದರು. ಹಿಂದಕ್ಕೆ ಇಳಿದ. ಅವರನ್ನ ಜೋಳದ ಮೂಟೆ ಹಂಗೆ ಹೆಗಲಿಗೆ ಹಾಕಿಕೊಂಡ. ಹೊತ್ತು ಮೇಲೆ ತಂದ.

ಗುಂಡಿಯ ಅಂಚಲ್ಲಿ ಬೊಮ್ಮಕ್ಕ ಕೂತುಬಿಟ್ಟಿದ್ದಳು. ಮಗನ ಕೈ, ಕಾಲು, ಬೆರಳು ಒಂದೊಂದೇ ಮುಟ್ಟಿ ನೋಡಿದಳು.

ಹಾಲಪ್ಪ ಓಡಿ ಬಂದ. "ಸ್ನೇಕ್ ಅಂದ್ರೆ ಹಾವು ಕಣ್ಲಾ, ಹಾವು! ಬಜ್ಜಿ ತಂದಿದ್ದೀಯಲ್ಲೋ..."

"ನೀನೇ ಅಲ್ವೇನಣ್ಣ ಬಜ್ಜಿಗೆ ಸ್ನೇಕ್ಸು ಅಂದಿದ್ದು?" ಅಂದ ಕಾಟ.

ಹಾಲಪ್ಪ ಮೀಸೆ ಕೆರಕೊಂಡ. ಹೆಲೆನ್ ಮೇಡಮ್ಮು ಅವನನ್ನ ಪಕ್ಕಕ್ಕೆ ಸರಿಸಿ, ಬೊಮ್ಮಕ್ಕನ ಮುಂದೆ ನೆಲದ ಮೇಲೇ ಕೂತರು. ಅವರು ಇಂಗ್ಲಿಷಲ್ಲಿ ಹೇಳಿದ್ದನ್ನ ವರ್ಕಿ ಸಾರು ಕನ್ನಡಕ್ಕೆ ತಂದರು.

"ಅಮ್ಮಾ, ನಾವು ಮೂರು ಜನವೂ ಒಬ್ಬರ ಇಂಗ್ಲಿಷು ಒಬ್ಬರಿಗೆ ತಿಳೀದಿದ್ರೆ ಸುಮ್ನೆ ತಲೆ ಆಡಿಸ್ತೀವಿ. ನಿಮ್ಮ ಮಗ ಹಾಗಲ್ಲ. ಓಡ್ತಾನೆ, ಏನಾದರೂ ತರ್ತಾನೆ. ಇನ್ನೂ ಬಹಳ ವರ್ಷ ನಾವಿಲ್ಲಿಗೆ ಬರ್ತೀವಿ. ನಾವಿಲ್ಲದಾಗ ಮಡಕೆಚೂರು ತೊಳೆದು ಕಾಯೋಕೆ ಒಬ್ಬರು ಬೇಕು. ಆ ಕೆಲಸ ಕಾಟನಿಗೇ. ನೀವು ಇದ್ರೂ, ಇಲ್ದಿದ್ರೂ."

ಕೊನೇ ಮಾತು ಬೊಮ್ಮಕ್ಕನಿಗೆ ವರ್ಕಿ ಸಾರು ಹೇಳೋ ಮೊದಲೇ ತಿಳಿದ ಹಂಗಿತ್ತು. ಮೇಡಮ್ಮಿನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಬಾಯಿಂದ ಮಾತೇ ಬರಲಿಲ್ಲ. ಅವತ್ತು ರಾತ್ರಿ ಎಷ್ಟೋ ವರ್ಷದ ಮೇಲೆ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು.

ಅಗೆತ ಮುಗಿದು ಅವರು ಹೊರಡೋ ದಿನ ಬಂತು. ಮುಂದೆ ಸಾಮಾನಿನ ಲಾರಿ, ಹಿಂದೆ ಜೀಪು. ಬೊಮ್ಮಕ್ಕ ಹೋಳಿಗೆ ಬೇಯಿಸ್ತಾ ಚಡಪಡಿಸಿದಳು. ಅವತ್ತು ಬಾರದ ಮಾತನ್ನ ಇವತ್ತಾದರೂ ಹೇಳಬೇಕಲ್ಲ! ಹೊಟ್ಟೆ ತಣ್ಣಗಿರಲಿ ಅಂದರೆ ಅವರಿಗೆ ತಿಳಿಯುತ್ತೋ ಇಲ್ಲವೋ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗ್ತಿದ್ದ ಹಾಲಪ್ಪನನ್ನ ಕೂಗಿದಳು.

"ಅಣ್ಣಾ, ಉಪಕಾರ ಮಾಡಿದೋರಿಗೆ ಇಂಗ್ಲಿಷಲ್ಲಿ ಏನಂತಾರೆ?"

"ಟ್ಯಾಂಕು ಕಣವ್ವ! ಟ್ಯಾಂಕು ಕೊಡೋದು ಅಂತಾರೆ!" ಅಂದವನೇ ಬಾಗಿಲು ಹಾಕಿಕೊಂಡ.

ಕಾವಲಿ ಮೇಲಿನ ಹೋಳಿಗೆ ಬಿಟ್ಟು ಏಳೋ ಹಂಗಿರಲಿಲ್ಲ. "ಕಾಟ, ಓಡಪ್ಪ! ಲಾರಿ ಹೊರಡೋದ್ರೊಳಗೆ ನಾನು ಹೇಳ್ದೆ ಅಂತ ಅವರಿಗೆ ಟ್ಯಾಂಕು ಕೊಟ್ಟು ಬಾ!"

"ದೊಡ್ಡದಾ ಚಿಕ್ಕದಾ ಅವ್ವಾ?"

"ಚಿಕ್ಕದು ಯಾಕೋ! ಅವರು ಮಾಡಿದ್ದಕ್ಕೆ ಎಷ್ಟು ದೊಡ್ಡದು ಕೊಟ್ರೂ ಕಮ್ಮಿ. ದೊಡ್ಡದೇ ಕೊಡು, ಮನಸು ತುಂಬಿ ಕೊಡು!"

ಹೋಳಿಗೆ ಡಬ್ಬಿ ಹಿಡಿದು ಬೊಮ್ಮಕ್ಕ ಅಂಗಳಕ್ಕೆ ಬರೋ ಹೊತ್ತಿಗೆ ಲಾರಿ ಆಗಲೇ ತಿರುವಿನಲ್ಲಿತ್ತು. ಡಬ್ಬಿಯನ್ನ ಜೀಪಿನೊಳಗೆ ಇಟ್ಟಳು, ಮೂವರಿಗೂ ಕೈ ಮುಗಿದಳು. ಮೇಡಮ್ಮು ಅವಳ ಕೆನ್ನೆ ಸವರಿದರು. ಜೀಪು ಹೋಯ್ತು. ದೂರದಲ್ಲಿ ಲಾರಿಯ ತಲೆ ಮೇಲೆ ಹಗ್ಗ ಬಿಗಿದ ಏನೋ ಒಂದು, ಕರ್ರಗೆ, ಗುಂಡಗೆ, ಬಿಸಿಲಿಗೆ ಮಿಂಚ್ತಾ ಹೋಗ್ತಿತ್ತು.

"ಕೊಟ್ಟೆಯೇನಪ್ಪಾ?"

"ಕೊಟ್ಟೆ ಕಣವ್ವ! ಪೈಪು ಕಿತ್ತು, ನೀರು ಚೆಲ್ಲಿ, ಮಾಳಿಗೆಯಿಂದ ಹೊತ್ತು ತಂದು, ಲಾರಿಗೆ ಕಟ್ಟಿಬಿಟ್ಟೆ. ದೊಡ್ಡದೇ ಕೊಟ್ಟೆ!"

ಬೊಮ್ಮಕ್ಕ ಮಾಳಿಗೆ ನೋಡಿದಳು. ನೀರಿನ ಟ್ಯಾಂಕಿದ್ದ ಜಾಗದಲ್ಲಿ ಬರೀ ಆಕಾಶ ಕಾಣ್ತಿತ್ತು. ಕೈ ಹಣೆಗೆ ಹೋಗಬೇಕಿತ್ತು, ಬಾಯಿಗೆ ಹೋಯ್ತು. ನಗು ತಡೆಯೋಕಾಗಲಿಲ್ಲ.

"ನೀರೆಲ್ಲೋ! ಲೋ! ಸೋಪು ಕಣ್ಣಿಗೋಯ್ತು! ನೀರೂ!" ಅಂತ ಬಚ್ಚಲಿಂದ ಹಾಲಪ್ಪ.

ನನ್ನ ಕತೆ ಮುಗೀತು. ಹಾಲಪ್ಪ ಇನ್ನೂ ಕಣ್ಣು ಮುಚ್ಚಿಕೊಂಡೇ ನಿಂತವ್ನೆ. ಬಾವಿ ಹತ್ತಿರ ಇರೋರು ಯಾರಾದರೂ ಒಂದು ಚೊಂಬು ಹುಯ್ದು ಪುಣ್ಯ ಕಟ್ಕೊಳ್ಳಿ.