ಉದುರಿದ ಕೊಂಬು, ಹೊಂಗೆ ಎಣ್ಣೆ

"ಗುರುಗಳೇ, ನೀವು ಕೇಳಿದ್ದರಲ್ಲಿ ನಾನು ಉತ್ತರ ಹೇಳದೆ ಬಿಟ್ಟ ಪ್ರಶ್ನೆ ಒಂದಾದರೂ ಉಂಟೇ? ಹಾಗಿದ್ದ ಮೇಲೆ ಹೊಳೆಯಾಚೆಗೆ ನನ್ನನ್ನು ಬಿಟ್ಟು ಅವನನ್ನೇಕೆ ಕಳಿಸುತ್ತೀರಿ?"

ಕೇಳಿದವನು ಮಠದ ಹಿರಿಯ ಶಿಷ್ಯ. ಹೊಳೆಯಾಚೆಯ ಊರಿನವರು, ತಮಗೂ ತಮ್ಮ ಮಕ್ಕಳಿಗೂ ನಾಲ್ಕು ಮಾತು ಕಲಿಸುವವರು ಬೇಕೆಂದು ಗಾಡಿ ಕಟ್ಟಿಕೊಂಡು ಬಂದಿದ್ದರು. ಅವರ ಎತ್ತುಗಳು ಅಂಗಳದಲ್ಲಿ ಮೆಲುಕು ಹಾಕುತ್ತಿದ್ದವು. ಗುರುಗಳು ಆರಿಸಿದ್ದು ಕಿರಿಯ ಶಿಷ್ಯನನ್ನು.

ಆ ಮಠದಲ್ಲೊಂದು ಪದ್ಧತಿ. ಗುರುಗಳು ಸಂಜೆ ಒಂದು ಒಗಟು ಹೇಳುವರು. ಶಿಷ್ಯರು ಬೆಳಿಗ್ಗೆ ಅದರ ಅರ್ಥ ಒಪ್ಪಿಸಬೇಕು. ಹಿರಿಯವನು ಒಮ್ಮೆಯೂ ತಪ್ಪಿದವನಲ್ಲ. ಕಿರಿಯವನು ಎಷ್ಟೋ ಸಲ "ತಿಳಿಯಲಿಲ್ಲ" ಎಂದು ತಲೆ ಕೆರೆದುಕೊಂಡು ನೀರು ಸೇದಲು ಹೋಗುತ್ತಿದ್ದ. ಈಗ ಆ ತಲೆ ಕೆರೆಯುವವನು ಬಟ್ಟೆ ಗಂಟು ಕಟ್ಟುತ್ತಿದ್ದ. ಹಿರಿಯವನಿಗೆ ಈ ದುಃಖದಲ್ಲಿ ಹಿಂದಿನ ರಾತ್ರಿ ಅನ್ನ ಸೇರಿರಲಿಲ್ಲ. ಪಾಯಸ ಮಾತ್ರ ಸೇರಿತ್ತು.

ಗುರುಗಳು ಸಿಟ್ಟಾಗಲಿಲ್ಲ. "ಕೂತುಕೋ. ಎತ್ತುಗಳ ಮೆಲುಕು ಮುಗಿಯುವಷ್ಟು ಹೊತ್ತಿದೆ" ಎಂದು ಒಂದು ಕತೆ ಹೇಳಿದರು.

ಕಾಡಂಚಿನ ಊರಿನಲ್ಲಿ ಒಬ್ಬ ಕೊಂಬು ಆಯುವವನಿದ್ದ. ಗಂಡು ಕಡವೆಗಳು ವರ್ಷಕ್ಕೊಮ್ಮೆ ಕೊಂಬು ಉದುರಿಸುತ್ತವೆ. ಅವನ್ನು ಆಯ್ದು ತಂದು, ಚೂರಿಗೆ ಹಿಡಿ ಮಾಡುವವರಿಗೆ ಕೊಡುವುದು ಅವನ ಕಸುಬು. ಪ್ರಾಣಿಯನ್ನು ಕೊಲ್ಲುವ ಮಾತಿಲ್ಲ; ಅದು ಬೇಡವೆಂದು ಬಿಟ್ಟುಹೋದದ್ದನ್ನು ಹೆಕ್ಕುವುದು. ಕೇಳುವುದಕ್ಕೆ ಸುಲಭ. ಆದರೆ ತರಗೆಲೆಯ ಮೇಲೆ ಬಿದ್ದ ಕೊಂಬು ಒಣ ರೆಂಬೆಯಂತೆಯೇ ಕಾಣುತ್ತದೆ, ಮತ್ತು ಮನುಷ್ಯನಿಗಿಂತ ಮೊದಲು ಮುಳ್ಳುಹಂದಿಗೆ ಕಂಡರೆ ಅದು ಕಡಿದು ಮುಗಿಸುತ್ತದೆ. ಹೆಚ್ಚು ನಡೆದವನಿಗೆ ಹೆಚ್ಚು ಸಿಗುತ್ತದೆ ಎಂಬುದೊಂದೇ ಆ ಕಸುಬಿನ ಶಾಸ್ತ್ರ.

ಅವನ ಮೊಣಕಾಲು ಕೆಟ್ಟಿತು. ಹೊತ್ತು ಹೊತ್ತಿಗೆ ಹೊಂಗೆ ಎಣ್ಣೆ ತಿಕ್ಕಿದ. ಎಣ್ಣೆ ಮುಗಿಯಿತು, ನೋವು ಮುಗಿಯಲಿಲ್ಲ. ಮತ್ತೆ ಎಣ್ಣೆ ಕಳಿಸುತ್ತಿದ್ದವನು ಅವನ ಮಾವ, ಅವನದೊಂದು ಗಾಣವಿತ್ತು. ಈ ಕಸುಬು ಬಿಟ್ಟರೆ ಕಾಡು ಸುತ್ತಿದವನು ಇನ್ನು ಮಾವನ ಗಾಣದ ಮೇಲೆ ಕೂತು ಸುತ್ತಬೇಕು. ಮಾವ ಅದನ್ನೇ ಕಾಯುತ್ತಿದ್ದ.

ಅವನು ಒಂದು ನಾಯಿ ಸಾಕಿದ. ಮನೆಯಲ್ಲಿದ್ದ ಹಳೆಯ ಕೊಂಬೊಂದನ್ನು ಅದಕ್ಕೆ ಮೂಸಲು ಕೊಟ್ಟು, ಹಿತ್ತಲಲ್ಲಿ ಬಚ್ಚಿಟ್ಟು, "ಹುಡುಕು" ಎಂದ. ಸಿಕ್ಕರೆ ರಾಗಿಮುದ್ದೆಯ ಚೂರು. ಹುಲ್ಲುಮೆದೆಯೊಳಗೆ ಇಟ್ಟ, ಕುಂಬಳದ ಬಳ್ಳಿಯ ಕೆಳಗೆ ಇಟ್ಟ, ಸೌದೆಯ ಒಟ್ಟಿಲಿಗೆ ಸಿಕ್ಕಿಸಿದ. ಎಲ್ಲಿಟ್ಟರೂ ನಾಯಿ ನೇರ ಅಲ್ಲಿಗೇ ಹೋಗಿ, ಎದುರು ಕೂತು, ಒಮ್ಮೆ ಬೊಗಳುತ್ತಿತ್ತು. ಊರವರು ಸಂಜೆಯಾದರೆ ಬೇಲಿಯಾಚೆ ನಿಂತು ನೋಡತೊಡಗಿದರು. ನಾಯಿಗೆ ಪಂಡಿತ ಎಂದು ಹೆಸರಿಟ್ಟರು. ಅದೂ ಎದೆ ಮುಂದೆ ಮಾಡಿ ನಡೆಯಲು ಕಲಿಯಿತು.

ಬೇಸಿಗೆ ಬಂತು. ಅವನು ಪಂಡಿತನನ್ನು ಕಾಡಿಗೆ ಕರೆದೊಯ್ದ. ಅದು ಕಡವೆಗಳು ಮಲಗುವ ಇಳಿಜಾರನ್ನು ಓಡಿ ದಾಟಿ, ಒಂದು ಕಲ್ಲುಗುಡಿಯ ಮುಂದೆ ಕೂತು ಬೊಗಳಿತು. ಅಲ್ಲಿದ್ದದ್ದು ಯಾರೋ ಹೊಂಗೆ ಎಣ್ಣೆ ಹೊಯ್ದು ಹಚ್ಚಿಟ್ಟು ಹೋದ ಹಣತೆ. ಮರುದಿನ ಒಂದು ಪೊದೆಯ ಮುಂದೆ ಕೂತು ಬೊಗಳಿತು. ಪೊದೆಯಲ್ಲಿ ಸಿಕ್ಕಿಕೊಂಡಿದ್ದದ್ದು ಹಿಂದಿನ ದಿನ ಅವನ ಮೊಣಕಾಲಿನಿಂದ ಬಿಚ್ಚಿ ಬಿದ್ದ ಬಟ್ಟೆ. ಅದೂ ಹೋಗಲಿ ಎಂದರೆ, ಬಟ್ಟೆ ಎತ್ತಿಕೊಳ್ಳಲು ಬಗ್ಗಿದಾಗ ಅವನ ಕೈಗೆ ಒಂದು ಕೊಂಬು ತಾಗಿತು. ಪಂಡಿತ ಅದರ ಮೇಲೆಯೇ ಕೂತಿತ್ತು.

ಸುದ್ದಿ ಅವನಿಗಿಂತ ಮೊದಲೇ ಊರು ಮುಟ್ಟಿತು.

"ಏನಣ್ಣಾ, ಕಡವೆಗಳು ಈ ವರ್ಷ ಹಣತೆ ಉದುರಿಸುತ್ತಿವೆಯಂತೆ?" ಎಂದು ಬೇಲಿಯಾಚೆಯಿಂದ ಒಬ್ಬ ಕೇಳಿದ.

"ಸುಮ್ಮನಿರೋ, ಪಂಡಿತರಿಗೆ ವೈರಾಗ್ಯ ಬಂದಿದೆ. ಇನ್ನು ಗುಡಿ ಬಿಟ್ಟು ಏಳುವುದಿಲ್ಲವಂತೆ" ಎಂದ ಇನ್ನೊಬ್ಬ.

ಮಾವನಿಂದಲೂ ಹೇಳಿಕೆ ಬಂತು: ಗಾಣ ಸಿದ್ಧವಾಗಿದೆ, ಅಳಿಯಂದಿರು ಯಾವಾಗ ದಯಮಾಡಿಸುತ್ತಾರೆ?

ಆ ಸಂಜೆ ಅವನು ಜಗಲಿಯ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಂಡ. ಪಂಡಿತ ಬಂದು, ಮೊಣಕಾಲು ಮೂಸಿ, ಎದುರು ಕೂತು, ಒಮ್ಮೆ ಬೊಗಳಿತು.

ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. "ನಿಮ್ಮ ಮೊಣಕಾಲಿಗೇ ಕೊಂಬು ಬಂದಿದೆಯಂತೆ. ಉದುರುವ ತನಕ ಕಾಯಿರಿ, ಕಾಡು ಸುತ್ತುವುದು ತಪ್ಪಿತು."

"ನಾನು ಗಾಣ ಹತ್ತುವ ಹಾಗಾಗಿದೆ, ನಿನಗೆ ತಮಾಷೆ."

"ನಮ್ಮಪ್ಪನ ಗಾಣಕ್ಕೆ ನೀವು ಬೇಡ, ಈ ನಾಯಿಯನ್ನೇ ಕಳಿಸಿ. ಎಣ್ಣೆಯ ಗುಣ ಇದಕ್ಕೆ ನಿಮಗಿಂತ ಚೆನ್ನಾಗಿ ಗೊತ್ತು" ಎಂದವಳು, ತಾನಾಡಿದ ಮಾತು ತನಗೇ ಕೇಳಿಸಿದವಳಂತೆ ನಿಂತಳು.

ಅವಳು ಹಳೆಯ ಕೊಂಬನ್ನು, ಗಂಡನ ಕೈಯಿಂದ ಅಂಟಿದ ಎಣ್ಣೆ ಬಿಡುವ ತನಕ, ಬೂದಿನೀರಿನಲ್ಲಿ ಕುದಿಸಿದಳು. ಇಕ್ಕಳದಿಂದ ಎತ್ತಿ, ಗಂಡನನ್ನು ಹತ್ತಿರ ಬರಗೊಡದೆ, ಹುಲ್ಲಿನ ಮೇಲೆ ಹಾಕಿದಳು. ಬಚ್ಚಿಡಲೂ ಇಲ್ಲ. "ಹುಡುಕು" ಎಂದಳು. ಪಂಡಿತ ಕೊಂಬನ್ನು ಹಾರಿ ದಾಟಿ, ಜಗಲಿ ಹತ್ತಿ, ಎಣ್ಣೆಯ ಗಡಿಗೆಯ ಮುಂದೆ ಕೂತು, ಒಮ್ಮೆ ಬೊಗಳಿತು.

ಮರುದಿನದಿಂದ ಪಾಠ ಬದಲಾಯಿತು. ಕೊಂಬನ್ನು ಕುದಿಸಿ, ಇಕ್ಕಳದಲ್ಲಿ ಹಿಡಿದು, ಬೇಲಿಯ ಈಚೆಯಿಂದ ಎಸೆಯುವುದು ಹೆಂಡತಿಯ ಕೆಲಸ. ಬೆನ್ನು ತಿರುಗಿಸಿ ಕೂರುವುದು ಗಂಡನ ಕೆಲಸ. ಎರಡರಲ್ಲಿ ಅದೇ ಕಷ್ಟದ್ದು. ನಾಯಿ ಮೊದಮೊದಲು ಅವನ ಕೈಯನ್ನೇ ನೋಡಿತು. ಕಣ್ಣೆದುರಿನ ಕೊಂಬನ್ನು ಎಡವಿತು. ಮುನಿಸಿಕೊಂಡು ಮುದ್ದೆಯಿಲ್ಲದೆ ಮಲಗಿತು. ಬೇಲಿಯಾಚೆಯ ಜನ ಬೇಸತ್ತು ಮನೆಗೆ ಹೋದರು. ಪಂಡಿತ ಎಂಬ ಹೆಸರೂ ಅವರೊಂದಿಗೆ ಹೋಯಿತು. ಆಮೇಲೊಂದು ದಿನ, ಹೊಗಳುವವರು ಯಾರೂ ಇಲ್ಲದಾಗ, ಅದು ನೆಲ ಮೂಸುತ್ತಾ ಹೋಗಿ ಕೊಂಬಿನ ಬಳಿ ನಿಂತಿತು. ತನಗೇ ನಂಬಿಕೆಯಿಲ್ಲದ ಹಾಗೆ ಇನ್ನೊಮ್ಮೆ ಮೂಸಿತು. ಬೊಗಳಲೋ ಬೇಡವೋ ಎಂಬಂತೆ ಬೊಗಳಿತು.

ಮಳೆ ಹಿಡಿಯುವ ಮುಂಚೆ ಅವರು ಮತ್ತೆ ಕಾಡಿಗೆ ಹೋದರು. ನಾಯಿ ಕಲ್ಲುಗುಡಿಯತ್ತ ತಿರುಗಿಯೂ ನೋಡಲಿಲ್ಲ. ಇಳಿಜಾರಿನ ತರಗೆಲೆಯಲ್ಲಿ, ಯಾರೂ ಬಚ್ಚಿಡದ, ಮುಳ್ಳುಹಂದಿ ಆಗಲೇ ತುದಿ ಕಡಿದಿದ್ದ ಕೊಂಬೊಂದರ ಮುಂದೆ ಕೂತು ಬೊಗಳಿತು. ಅವನು ಕುಂಟುತ್ತಾ ಹೋಗಿ ಮುದ್ದೆಯ ಚೂರು ಚಾಚಿದ. ತಿನ್ನಲು ಅದಕ್ಕೆ ಪುರಸೊತ್ತಿರಲಿಲ್ಲ. ಮುಂದಿನ ಪೊದೆಗೆ ಹೋಗಿಯಾಗಿತ್ತು. ಮಾವನ ಗಾಣಕ್ಕೆ ಬೇರೆ ಯಾರೋ ಸಿಕ್ಕರು.

ಕತೆ ಮುಗಿಯಿತು. ಹಿರಿಯ ಶಿಷ್ಯನ ಮುಖ ಅರಳಿತ್ತು. ಎಣ್ಣೆಯ ಗಡಿಗೆ ಬರುವ ಹೊತ್ತಿಗೇ ಅವನಿಗೆ ಅರ್ಥ ಸಿಕ್ಕಿತ್ತು. ಉಳಿದದ್ದನ್ನು ಮರ್ಯಾದೆಗೆಂದು ಕೇಳಿದ್ದ. ಅವನು ಎದೆ ಮುಂದೆ ಮಾಡಿ, ಗುರುಗಳ ಎದುರು ನೆಟ್ಟಗೆ ಕೂತು, ದಿನಾ ಬೆಳಿಗ್ಗೆ ಒಪ್ಪಿಸುವ ದನಿಯಲ್ಲೇ ಹೇಳಿದ:

"ತಿಳಿಯಿತು ಗುರುಗಳೇ. ನಾಯಿ ಹುಡುಕಿದ್ದು ಕೊಂಬನ್ನಲ್ಲ, ಬಚ್ಚಿಟ್ಟ ಕೈಯನ್ನು. ಒಬ್ಬರು ಇಟ್ಟದ್ದನ್ನು ಹುಡುಕುವುದು ಬೇರೆ, ಯಾರೂ ಇಡದ್ದನ್ನು ಕಾಣುವುದು ಬೇರೆ. ಈಗಲಾದರೂ ನಾನು ಗಾಡಿ ಹತ್ತಬಹುದೇ?"

ಗುರುಗಳು ತಟ್ಟೆಯಿಂದ ಬೆಲ್ಲದ ಚೂರೊಂದನ್ನು ಎತ್ತಿ ಅವನ ಕೈಗಿಟ್ಟರು.

"ಉತ್ತರ ಸರಿಯಾಗಿದೆ, ಅದನ್ನು ಬಚ್ಚಿಟ್ಟವನೂ ನಾನೇ."