ಬಾವಿಗೆ ಇಳಿದ ಬುತ್ತಿ

ಶಿಷ್ಯ ಕೇಳಿದ: "ಗುರುಗಳೇ, ಒಬ್ಬರು ಪ್ರೀತಿಯಿಂದ ಕೊಟ್ಟದ್ದು ನಮಗೆ ಒಗ್ಗುವುದಿಲ್ಲ. ಆದರೂ ಚೆನ್ನಾಗಿದೆ ಎನ್ನುತ್ತೇವೆ. ಇದು ಸುಳ್ಳೋ, ತಾಳ್ಮೆಯೋ?"

"ನೀನೇನೆನ್ನುತ್ತೀ?" ಎಂದರು ಗುರುಗಳು.

"ತಾಳ್ಮೆ ಎನ್ನುತ್ತೇನೆ. ಕೊಟ್ಟವರ ಮನಸ್ಸು ನೋಯಬಾರದಲ್ಲ."

"ಕೇಳುವುದಕ್ಕೆ ಹಿತವಾದ ಮಾತು. ಅದಕ್ಕೇ ನನಗೆ ಅನುಮಾನ," ಎಂದು ಗುರುಗಳು ಕತೆ ಶುರುಮಾಡಿದರು.

ಒಂದೂರಿನಲ್ಲಿ ಬಾವಿ ತೋಡುವವನೊಬ್ಬನಿದ್ದ. ನೀರಿನ ಸೆಲೆ ಎಲ್ಲಿದೆ ಎಂದು ಬೆರಳು ತೋರಿಸುವವರು ಊರು ತುಂಬ ಇದ್ದರು. ಮೂವತ್ತು ಮೊಳ ಕೆಳಗಿಳಿದು ಬಂಡೆ ಒಡೆಯುವವನು ಅವನೊಬ್ಬನೇ. ಅವನಿಗೆ ಮದುವೆಯಾಯಿತು. ಬಂದವಳು ಅಡುಗೆಯಲ್ಲಿ ಗಟ್ಟಿಗಿತ್ತಿ. ಅವಳ ಕೈಯಲ್ಲಿ ಹಿಟ್ಟು, ಬೇಳೆ, ಸೊಪ್ಪು ಮೂರೇ ಇದ್ದರೂ ಮೂವತ್ತು ರುಚಿ ಹುಟ್ಟುತ್ತಿತ್ತು.

ಆ ಸೀಮೆಯ ಬಾವಿಯವರಿಗೆ ಎರಡು ಕಟ್ಟಳೆಗಳಿದ್ದವು. ಬೆಳಿಗ್ಗೆ ಇಳಿದವನು ಅಂದಿನ ಅಳತೆ ಮುಗಿಯದೆ ಮೇಲೆ ಬರುವಂತಿಲ್ಲ. ಬಂದರೆ ಸೆಲೆ ಮುನಿಯುತ್ತದೆ. ಬಾವಿ ಮುಗಿಯುವವರೆಗೆ ಮನೆಯ ಹೆಂಗಸರು ಆ ಕಡೆ ಸುಳಿಯುವಂತಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡ. ಕಟ್ಟಳೆ ಮಾಡಿದವರು ಕಾರಣ ಹೇಳಿ ಸತ್ತಿಲ್ಲ. ಹೀಗಾಗಿ ಮಧ್ಯಾಹ್ನದ ಬುತ್ತಿಯನ್ನು ರಾಟೆಯವನು ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಕೆಳಗೆ ಬಿಡುತ್ತಿದ್ದ.

ಮೊದಲ ವಾರವೇ ಅತ್ತೆ ಸೊಸೆಗೆ ಹೇಳಿದಳು: "ರೊಟ್ಟಿಯೊಳಗ ಪಲ್ಯ ಹಾಕಿ ಸುತ್ತಿ, ಅರಿವ್ಯಾಗ ಕಟ್ಟಿಕೊಡವಾ. ಅವಗ ಅಷ್ಟ ಸಾಕು."

ಸೊಸೆಗೆ ಈ ಮಾತು ಚುಚ್ಚಿತು. ನನ್ನ ಕೈರುಚಿಗೆ ಮಗ ಒಲಿದಾನು ಎಂದು ಮುದುಕಿಗೆ ಹೊಟ್ಟೆಕಿಚ್ಚು ಎಂದುಕೊಂಡಳು. ದಿನವಿಡೀ ಬಂಡೆ ಒಡೆಯುವ ಗಂಡಸಿಗೆ ಸುತ್ತಿದ ರೊಟ್ಟಿ ಕೊಟ್ಟು ಕಳಿಸುವುದೇ? ಮರುದಿನ ಮೂರು ಬಟ್ಟಲು ತುಂಬಿದಳು. ಸೋಮವಾರ ಜುಣಕ ಆದರೆ ಮಂಗಳವಾರ ಎಣ್ಣೆಗಾಯಿ, ಬುಧವಾರ ಪುಂಡಿಪಲ್ಯ. ಜೊತೆಗೆ ಅನ್ನ, ಅದರ ಜೊತೆಗೆ ಸಾರು. ಒಂದು ದಿನ ಮಾಡಿದ್ದು ಆ ವಾರ ಮತ್ತೆ ಬರಕೂಡದು ಎಂದು ಅವಳಿಗೆ ಅವಳೇ ಹಾಕಿಕೊಂಡ ಪಣ. ಅತ್ತೆ ಮತ್ತೆ ಬಾಯಿ ಬಿಡಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡಳು.

ಸಂಜೆ ಗಂಡ ಬರುತ್ತಿದ್ದ. ಬಟ್ಟಲುಗಳು ಖಾಲಿ. ಖಾಲಿಯಷ್ಟೇ ಅಲ್ಲ, ತೊಳೆದು ಒರೆಸಿದಂತಿರುತ್ತಿದ್ದವು. "ಹೆಂಗಿತ್ತು?" ಎಂದು ಕೇಳಿದರೆ "ಛಲೋ ಇತ್ತು" ಎನ್ನುತ್ತಿದ್ದ. ಇಷ್ಟು ಸಾಕು ಅವಳಿಗೆ. ಮರುದಿನ ಕೋಳಿ ಕೂಗುವ ಮೊದಲೇ ಒಲೆ ಮುಂದೆ ಕೂತಿರುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಬೆಳಗಿನ ನಿದ್ದೆ ಪ್ರಾಣ. ಆದರೂ ಛಲೋ ಎಂದವನಿಗೆ ನಾಳೆ ಕಡಿಮೆ ಮಾಡುವುದು ಹೇಗೆ?

ನಾಲ್ಕನೆಯ ವರ್ಷ ಗಂಡ ಸೊರಗತೊಡಗಿದ. ಕೊರಳಿನ ಎಲುಬು ಎದ್ದವು. ಅವಳಿಗೆ ದಿಗಿಲಾಯಿತು. ಕೆಲಸ ಹೆಚ್ಚು, ನನ್ನ ಬುತ್ತಿ ಸಾಲುತ್ತಿಲ್ಲ ಎಂದು ಮೂರು ಬಟ್ಟಲನ್ನು ನಾಲ್ಕು ಮಾಡಿದಳು. ಅವನು ಇನ್ನೂ ಇಳಿದ. ನಾಲ್ಕನ್ನು ಐದು ಮಾಡಿದಳು, ಐದನೆಯದರಲ್ಲಿ ಸಿಹಿಗೆಂದು ಸಜ್ಜಕ. ನೆರೆಯವರು "ನಿನ್ನ ಗಂಡನ ಪುಣ್ಯ ದೊಡ್ಡದು" ಎಂದರು. ಅವಳು ನಕ್ಕಳು, ಒಳಗೊಳಗೇ ಹೆದರಿದಳು. ಇಷ್ಟು ಉಂಡೂ ಕರಗುತ್ತಿದ್ದಾನೆ ಎಂದರೆ ಯಾವ ರೋಗವೋ ಎಂದು ದೇವರಿಗೆ ಮುಡಿಪು ಕಟ್ಟಿದಳು.

ಒಂದು ಸಂಜೆ ಅವನು ಹಗ್ಗ ಹಿಡಿದು ಮೇಲೆ ಬರುವಾಗ ಕೈ ಸೋತಿತು. ಎರಡಾಳು ಎತ್ತರದಿಂದ ಬಂಡೆಯ ಮೇಲೆ ಬಿದ್ದ. ಜೀವ ಉಳಿಯಿತು, ಸೊಂಟ ಮುರಿಯಿತು. ನಾಲ್ವರು ಮಂಚದ ಮೇಲೆ ಹೊತ್ತು ತಂದರು. ಹಿಂದೆಯೇ ರಾಟೆಯವನು ಬುತ್ತಿಯ ಬುಟ್ಟಿ ತಂದು ಹೊಸ್ತಿಲ ಬಳಿ ಇಟ್ಟ. ಆ ದಿನ ಅದನ್ನು ತೊಳೆಯುವವರಿರಲಿಲ್ಲ.

ಅವಳು ನೋಡಿದಳು. ಐದೂ ಬಟ್ಟಲು ಒಂದರೊಳಗೊಂದು ಮಗುಚಿದ್ದವು. ಸಾರು ಸಜ್ಜಕದಲ್ಲಿ, ಸಜ್ಜಕ ಪಲ್ಯದಲ್ಲಿ, ಎಲ್ಲದರ ಮೇಲೂ ಕೆಸರು. ಎರಡು ತುತ್ತಿನಷ್ಟು ಕೈ ಹಾಕಿದ ಗುರುತು, ಉಳಿದದ್ದೆಲ್ಲ ಹಾಗೇ.

"ಇವತ್ತ ಬುಟ್ಟಿ ಮಗುಚಿತೇನು ಅಣ್ಣಾ?" ಎಂದಳು.

ರಾಟೆಯವನು ತಲೆ ತಗ್ಗಿಸಿದ. "ಇವತ್ತಷ್ಟ ಅಲ್ಲವ್ವ, ದಿನಾ ಹಿಂಗ. ಹಗ್ಗ ತೂಗಿ ಬುಟ್ಟಿ ಗ್ವಾಡಿಗೆ ಬಡೀತೈತಿ. ಕೆಳಗ ಕತ್ತಲ. ಮೊಣಕಾಲತನ ನೀರಾಗ ನಿಂತು, ಕೆಸರಗೈಲೆ ಏನ ಕಲಸ್ಯಾನು, ಏನ ಉಂಡಾನು? ಎರಡ ತುತ್ತ ತಿಂತಿದ್ದ. ಉಳಿದದ್ದ ಸಂಜಿಗೆ ನಾಯಿಗೆ ಹಾಕಿ ಬಟ್ಟಲಾ ತೊಳೀತಿದ್ದ. ಮನ್ಯಾಗ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸಿದ್ದ."

ಅತ್ತೆಯ ಗಂಡನೂ ಬಾವಿಯವನೇ ಆಗಿದ್ದ ಎಂಬುದು ಅವಳಿಗೆ ಆಗ ಹೊಳೆಯಿತು. ಸುತ್ತಿದ ರೊಟ್ಟಿಯಾದರೆ ಮಗುಚುವುದಿಲ್ಲ. ಅರಿವೆ ಹಿಡಿದು ಕಚ್ಚಿದರೆ ಕೆಸರುಗೈ ತಾಗುವುದಿಲ್ಲ, ಕತ್ತಲಲ್ಲೂ ಬಾಯಿಗೆ ದಾರಿ ಸಿಗುತ್ತದೆ. ಬಗೆ ಬೇಕಿದ್ದರೆ ಇಂದು ಜುಣಕ ಸುತ್ತಬಹುದಿತ್ತು, ನಾಳೆ ಬದನೆ, ನಾಡಿದ್ದು ಬೆಲ್ಲ ತುಪ್ಪ. ಅರ್ಧ ಗಳಿಗೆಯ ಕೆಲಸ. ತನ್ನ ನಿದ್ದೆಯೂ ಉಳಿಯುತ್ತಿತ್ತು, ಅವನ ಸೊಂಟವೂ ಉಳಿಯುತ್ತಿತ್ತು. ಏನು ಇಷ್ಟ ಎಂದು ಅವಳು ನಾಲ್ಕು ವರ್ಷ ಯೋಚಿಸಿದ್ದಳು. ಎಲ್ಲಿ ಕೂತು ಉಣ್ಣುತ್ತೀ ಎಂದು ಒಂದು ದಿನವೂ ಕೇಳಿರಲಿಲ್ಲ.

ಗಂಡನಿಗೆ ಎಚ್ಚರವಾದಾಗ ಕೇಳಿದಳು: "ಯಾಕ ಹೇಳಲಿಲ್ಲ?"

"ನೀ ಅಷ್ಟ ಅಕ್ಕರತಿಲೆ ಮಾಡ್ತಿದ್ದಿ. ಹೆಂಗ ಹೇಳ್ಲಿ?"

ಅವಳು ಅತ್ತಳು. ಅವನ ಮೇಲೆ ಸಿಟ್ಟೂ ಬಂತು. ಮಂಚದ ಮೇಲೆ ಮಲಗಿದವನ ಮೇಲೆ ಸಿಟ್ಟು ಮಾಡುವುದು ಹೇಗೆ ಎಂದು ಅದನ್ನೂ ನುಂಗಿಕೊಂಡಳು.

ಅವನು ಮತ್ತೆ ಬಾವಿಗಿಳಿಯಲಿಲ್ಲ. ಹಗಲೆಲ್ಲ ಬೆಳಕಿರುವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದ. ಎದುರಿಗೆ ತಟ್ಟೆ, ಪಕ್ಕದಲ್ಲಿ ತಿಳಿನೀರು, ಉಣ್ಣಲು ಬೇಕಾದಷ್ಟು ಹೊತ್ತು. ಈಗ ಅವಳು ದಿನವೂ ಮುಂದೆ ಕೂತು ಕೇಳುತ್ತಿದ್ದಳು: "ಏನ ಮಾಡ್ಲಿ? ಬಾಯಿ ಬಿಟ್ಟ ಹೇಳು."

ಅವನು ಹೇಳಬೇಕೆಂದು ನಿಜವಾಗಿಯೂ ಯೋಚಿಸುತ್ತಿದ್ದ. ಹಣೆ ಗಂಟಿಕ್ಕಿಕೊಂಡು ಹುಡುಕುತ್ತಿದ್ದ. ಬೇಕು ಅನ್ನುವುದನ್ನು ಅಷ್ಟು ವರ್ಷ ಬಾಯಿಗೆ ಬಾರದಂತೆ ಒತ್ತಿ ಒತ್ತಿ, ಈಗ ಹುಡುಕಿದರೆ ಒಳಗೆ ಏನೂ ಸಿಗುತ್ತಿರಲಿಲ್ಲ. "ಏನರ ಮಾಡು," ಎನ್ನುತ್ತಿದ್ದ.

ಅದು ಅವನು ಅವಳಿಗೆ ಹೇಳಿದ ಮೊದಲ ನಿಜ. ಅದನ್ನು ಅವಳು ನಂಬಲಿಲ್ಲ. ನನ್ನ ಮನಸ್ಸು ನೋಯದಿರಲಿ ಎಂದು ಮತ್ತೆ ಮುಚ್ಚಿಡುತ್ತಿದ್ದಾನೆ ಎಂದುಕೊಂಡಳು. ಹಾಗೆಯೇ ಅವರು ಮುಪ್ಪಾದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡು ಕೈಮುಗಿದ.

"ತಿಳಿಯಿತು, ಗುರುಗಳೇ."

"ಹತ್ತು ವರ್ಷದಿಂದ ನಾನು ಹೇಳಿದ್ದಕ್ಕೆಲ್ಲ ಇದನ್ನೇ ಹೇಳುತ್ತಾ ಬಂದಿದ್ದೀಯೆ, ಅದರಲ್ಲಿ ನಿಜವಾಗಿ ತಿಳಿದದ್ದೆಷ್ಟು, ಮಗೂ?" ಎಂದರು ಗುರುಗಳು.