ಜೇನು ಕೀಳದ ತಿಂಗಳು

"ಗುರುಗಳೇ, ಹಿರಿಯರು ಇಟ್ಟ ನೇಮವನ್ನು ಚಾಚೂ ತಪ್ಪದೆ ನಡೆಸಿದವನಿಗೂ ಕೇಡಾಗುವುದುಂಟೆ?" ಎಂದು ಮರುಳಸಿದ್ಧ ಕೇಳಿದ. ಅವನು ಮಠದ ಅರವಟ್ಟಿಗೆ ನೋಡಿಕೊಳ್ಳುವ ಶಿಷ್ಯ. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರುಮಜ್ಜಿಗೆ ಕೊಡುವ ಆ ಕೋಣೆಯ ಬೀಗವನ್ನು ಯುಗಾದಿಯಂದೇ ತೆಗೆಯುವುದು ಅಲ್ಲಿನ ವಾಡಿಕೆ.

ಗುರುಗಳು ಕತೆ ಹೇಳಿದರು.

ಒಂದು ಬೆಟ್ಟದ ನೆತ್ತಿಯಲ್ಲಿ ಒಂದು ಜಾತಿಯ ಗಿಡವಿತ್ತು. ಬೇರೆಲ್ಲಿ ಹುಡುಕಿದರೂ ಸಿಗದ ಗಿಡ. ಅದರ ಬೀಜ ಅರೆದು ಕುಡಿಸಿದರೆ ಉಬ್ಬಸ ಇಳಿಯುತ್ತಿತ್ತು. ಕೆಳಗಿನ ಹಾಡಿಯಲ್ಲಿ ಒಬ್ಬ ಜೇನು ಕೀಳುವವನಿದ್ದ. ಅವನ ಹೆಂಡತಿ ಬದುಕಿದ್ದುದೇ ಆ ಬೀಜದಿಂದ.

ಗಿಡ ಹೂ ಬಿಡುತ್ತಿದ್ದುದು ಯುಗಾದಿಯ ಹೊತ್ತಿಗೆ. ಹೆಜ್ಜೇನು ಹೂವಿಂದ ಹೂವಿಗೆ ಹಾರಿದರೆ ಮಾತ್ರ ಕಾಯಿ ಕಚ್ಚುತ್ತಿತ್ತು. ಅದಕ್ಕೇ ಹಿರಿಯರು, ಯುಗಾದಿಯಿಂದ ಒಂದು ತಿಂಗಳು ಯಾರೂ ಹೊಗೆ ಹಾಕಿ ಜೇನು ಎಬ್ಬಿಸಬಾರದು ಎಂದು ನೇಮ ಮಾಡಿದ್ದರು. ಆ ತಿಂಗಳು ಇವನು ಬೀಡಿಯನ್ನೂ ಹಚ್ಚುತ್ತಿರಲಿಲ್ಲ. ಅಷ್ಟು ಕಟ್ಟುನಿಟ್ಟಿನ ಮನುಷ್ಯ, ನಿನ್ನ ಹಾಗೆ.

ಬರಬರುತ್ತ ಚಳಿ ಕಡಿಮೆಯಾಯಿತು, ಬಿಸಿಲು ಬೇಗ ಏರತೊಡಗಿತು. ಗಿಡದಲ್ಲಿ ಕಾಯಿಯೂ ಕಡಿಮೆಯಾಯಿತು. ಕೊನೆಗೊಂದು ವರ್ಷ ಒಂದೂ ಕಚ್ಚಲಿಲ್ಲ. ಡಬ್ಬಿಯ ತಳದಲ್ಲಿ ಚಿಟಿಕೆಯಷ್ಟು ಬೀಜ ಉಳಿದಿತ್ತು. ಅವನಿಗೆ ಹೆದರಿಕೆಯಾಯಿತು, ಸೋಜಿಗವೂ ಆಯಿತು. ಯಾರೋ ನೇಮ ಮುರಿದಿರಬೇಕು ಅಂದುಕೊಂಡು ಬಂಡೆಬಂಡೆ ಹತ್ತಿ ಹೊಗೆಯ ಮಸಿ ಹುಡುಕಿದ. ಸಿಕ್ಕಿದ್ದೆಲ್ಲ ಅವನೇ ಹಬ್ಬಕ್ಕೆ ಮುಂಚೆ ಹಾಕಿದ ಹೊಗೆಯ ಮಸಿ. ಇದೇನು ವಿಚಿತ್ರ ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದ.

"ಈ ಸಲ ಹೂ ಅರಳಿದ್ದು ಯಾವಾಗ?" ಎಂದು ಅವಳು ಏದುತ್ತಲೇ ಕೇಳಿದಳು.

"ಶಿವರಾತ್ರಿಗೇ ಅರಳಿತ್ತು."

"ಆಗ ನೀನೇನು ಮಾಡುತ್ತಿದ್ದೆ?"

"ಜೇನು ಕೀಳುತ್ತಿದ್ದೆ. ನೇಮ ಇನ್ನೂ ಶುರುವಾಗಿರಲಿಲ್ಲವಲ್ಲ," ಎಂದವನು ಡಬ್ಬಿಯ ಕಡೆ ನೋಡಿದ. ಹೂವಿದ್ದಾಗ ಜೇನು ಓಡಿಸಿ, ಹೂ ಉದುರಿದ ಮೇಲೆ ಅವನು ಭಕ್ತಿಯಿಂದ ಬೀಡಿ ಬಿಟ್ಟಿದ್ದ.

ಮರುಳಸಿದ್ಧನಿಗೆ ಕತೆ ಹಿಡಿಸಿತು. "ಪಾಪ, ಕಣ್ಣೆದುರಿನ ಹೂವೂ ಕಾಣಲಿಲ್ಲವೇ ಅವನಿಗೆ?" ಎಂದ.

ಹೊರಗೆ ಅಂಗಳದ ಕಲ್ಲು ಕಾದು ಕಾಲಿಡಲಾಗದಂತಿತ್ತು. ಯುಗಾದಿ ಇನ್ನೂ ದೂರವಿತ್ತು. ಗುರುಗಳು ಅವನ ಸೊಂಟದಲ್ಲಿದ್ದ ಬೀಗದ ಕೈ ನೋಡಿದರು.

"ನಿನ್ನೆ ಬಾಯಾರಿ ಬಂದು ಅರವಟ್ಟಿಗೆಯ ಬಾಗಿಲು ಬಡಿದವಳಿಗೆ, ಯುಗಾದಿಗೆ ಬಾ ಅಂದೆಯಂತಲ್ಲ?"